ಇಲಿಗೆ ಎಚ್ಚರವಾದ ಮೇಲೆ ಏನಾಯ್ತು?

ನಮಸ್ಕಾರ.

ನೀವು ಹುಮನಾಬಾದಿನಿಂದ ಕಳಿಸಿದ 'ಬಿಳಿ ಇಲಿಯ ನಿದ್ದೆ' ಲೇಖನವನ್ನು ಎರಡು ಸಲ ಓದಿದೆ. ಪ್ರಯೋಗಾಲಯದ ಇಲಿಗೆ ಆಪರೇಷನ್ ಮಾಡುವಾಗ ಅರಿವಳಿಕೆ ಹೇಗೆ ಕೊಡುತ್ತಾರೆ ಅಂತ ಕನ್ನಡದಲ್ಲಿ ಬರೆಯುವವರೇ ಕಡಿಮೆ. ಕಲಬುರಗಿಯ ನಮ್ಮ ಸಣ್ಣ ಪತ್ರಿಕೆಗೆ ಇಂಥ ಬರಹ ಬೇಕು. ಆದರೆ ಈಗ ಇರುವ ಹಾಗೆ ಅಚ್ಚು ಹಾಕಲಾರೆ.

'ಇಲಿ ಕಣ್ಣು ಮುಚ್ಚಿ ಹಾಯಾಗಿ ಮಲಗಿತು' ಎಂದಿದ್ದೀರಿ. ಅರಿವಳಿಕೆಯಲ್ಲಿ ಇಲಿಯ ಕಣ್ಣು ತೆರೆದೇ ಇರುತ್ತದೆ. ಒಣಗದಿರಲಿ ಎಂದು ಮುಲಾಮು ಹಚ್ಚುತ್ತಾರೆ. 'ಹಿಂದಿನ ರಾತ್ರಿ ಉಪವಾಸ ಇಟ್ಟರು' ಅನ್ನುವುದು ಮನುಷ್ಯರ ಪದ್ಧತಿ. ಇಲಿಗೆ ವಾಂತಿ ಆಗುವುದೇ ಇಲ್ಲ, ಹಾಗಾಗಿ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಇನ್ನು ನಿಮ್ಮ ಲೇಖನದಲ್ಲಿ ಚಳಿಯ ಮಾತೇ ಇಲ್ಲ. ನಮ್ಮ ಬಿಸಿಲಲ್ಲಿ ಕುಳಿತು ಬರೆಯುವವರಿಗೆ ಅದು ಹೊಳೆಯದಿರಬಹುದು. 25 ಗ್ರಾಮಿನ ಮೈ ಅರಿವಳಿಕೆಯಲ್ಲಿ ಬೇಗ ತಣ್ಣಗಾಗುತ್ತದೆ. ಅದಕ್ಕೇ ಕೆಳಗೆ ಬೆಚ್ಚನೆಯ ಪ್ಯಾಡ್ ಇಡುತ್ತಾರೆ.

ಕಾಲ್ಬೆರಳು ಚಿವುಟಿ ನೋಡುವ ಸಾಲು ಚೆನ್ನಾಗಿದೆ. ಕಾಲು ಎಳೆದುಕೊಂಡರೆ ಕತ್ತರಿ ಮುಟ್ಟುವಂತಿಲ್ಲ, ಅಲ್ವಾ? ಅದನ್ನು ಉಳಿಸಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಒಂದೂವರೆ ಪುಟ ಜಾಸ್ತಿ ಆಯ್ತು, ನಾಲ್ಕು ಸಾಲು ಸಾಕು.

ನನಗೆ ಸಂಕಟವಾದದ್ದು ಕೊನೆಯ ಸಾಲಿಗೆ: 'ಇಲಿ ಎದ್ದಿತು, ನೋವು ಮುಗಿಯಿತು.' ಕಳೆದ ವರ್ಷ ನನ್ನ ಹೆಂಡತಿಗೆ ಪಿತ್ತಕೋಶದ ಆಪರೇಷನ್ ಆಯ್ತು. ಎಚ್ಚರವಾದ ಕೂಡಲೇ ಅವಳು ನೀರು ಕೇಳಲಿಲ್ಲ, ನೋವಿನ ಇಂಜೆಕ್ಷನ್ ಕೇಳಿದಳು. ನೀವು ಬರೆದ ಐಸೊಫ್ಲುರೇನ್, ಅಂದರೆ ಉಸಿರಿನ ಮೂಲಕ ಕೊಡುವ ಅರಿವಳಿಕೆ, ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಇಲಿ ಏಳುತ್ತದೆ. ಆಮೇಲಿನ ನೋವನ್ನು ಆ ಗಾಳಿ ತಡೆಯುವುದಿಲ್ಲ. ಅದಕ್ಕೆ ಬುಪ್ರೆನಾರ್ಫಿನ್, ಮೆಲಾಕ್ಸಿಕ್ಯಾಮ್‌ನಂಥ ಔಷಧಿ ಬೇರೆಯೇ ಬೇಕು. ಅದನ್ನೂ ಕೊಯ್ಯುವ ಮೊದಲೇ ಕೊಟ್ಟರೆ ಒಳ್ಳೆಯದು. ಆಮೇಲೂ ಗಂಟೆ ನೋಡಿ ಮತ್ತೆ ಕೊಡಬೇಕು.

ಇಲಿ ಕೂಗಲಿಲ್ಲ ಎಂದು ನೀವು ಸಮಾಧಾನ ಪಟ್ಟಿದ್ದೀರಿ. ಬೆಕ್ಕು, ಹದ್ದಿಗೆ ಹೆದರಿ ಬದುಕುವ ಪ್ರಾಣಿ ನೋವನ್ನು ಬಚ್ಚಿಡುತ್ತದೆ. 2010ರಲ್ಲಿ ಕೆನಡಾದ ಸಂಶೋಧಕರು ಇಲಿಯ ಮುಖದಲ್ಲೇ ನೋವನ್ನು ಗುರುತಿಸುವ ಅಳತೆ ಪ್ರಕಟಿಸಿದರು. ಕಣ್ಣು ಕಿರಿದಾಗುತ್ತದೆ, ಮೂಗು, ಕೆನ್ನೆ ಉಬ್ಬುತ್ತವೆ, ಕಿವಿ ಹಿಂದಕ್ಕೆ ಹೋಗುತ್ತದೆ, ಮೀಸೆ ನಿಲ್ಲುವ ರೀತಿ ಬದಲಾಗುತ್ತದೆ. ಗೂಡು ಕಟ್ಟಲು ಹಾಕಿದ ಕಾಗದದ ಚೂರು ಹಾಗೇ ಬಿದ್ದಿದ್ದರೂ ಅದು ಲಕ್ಷಣವೇ.

ಬೀದರಿನ ಪಶುವೈದ್ಯ ಕಾಲೇಜು ನಿಮಗೆ ಹತ್ತಿರ. ಒಮ್ಮೆ ಹೋಗಿ ತಿಳಿದವರನ್ನು ಕಾಣಿ. ಆಪರೇಷನ್ ಆದ ರಾತ್ರಿ ಪಂಜರದ ಹತ್ತಿರ ಯಾರಿರುತ್ತಾರೆ, ಏನು ನೋಡುತ್ತಾರೆ, ಕೇಳಿ. ಲೇಖನವನ್ನು ಆ ರಾತ್ರಿಯಿಂದಲೇ ಶುರು ಮಾಡಿ ಕಳಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.