ನಗಿಸುವ ಮೊದಲು ಹಾಡು ಕೇಳಿಸಿ

ನಮಸ್ಕಾರ,

ಪಿ.ಡಿ.ಕ್ಯೂ. ಬಾಖ್ ಎಂಬ ಸಂಯೋಜಕನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಕೈಬಿಡಬೇಡಿ. ನಿಮಗೆ ಆ ಸಂಗೀತ ನಿಜವಾಗಿ ಇಷ್ಟ ಅನ್ನೋದು ಪ್ರತಿ ಪುಟದಲ್ಲೂ ಕಾಣುತ್ತದೆ.

ಮೊದಲು ಒಂದು ತಪ್ಪು. ನೀವು ಅವನನ್ನು ಜರ್ಮನ್ ಸಂಯೋಜಕ ಜೊಹಾನ್ ಸೆಬಾಸ್ಟಿಯನ್ ಬಾಖ್‌ನ ನಿಜವಾದ ಮಗ ಎಂದೇ ಬರೆದಿದ್ದೀರಿ. ಬಾಖ್‌ಗೆ 20 ಮಕ್ಕಳು. ಈ 21ನೆಯವನನ್ನು ತಮಾಷೆಗಾಗಿ ಕಲ್ಪನೆಯಲ್ಲಿ ಹುಟ್ಟಿಸಿದ್ದು ಅಮೆರಿಕದ ಸಂಯೋಜಕ ಪೀಟರ್ ಶಿಕಲಿ (1935–2024). ಪಿ.ಡಿ.ಕ್ಯೂ.ನ ಕಾಲವನ್ನು 1807–1742 ಎಂದು ಹಿಂದುಮುಂದಾಗಿ ಕೊಟ್ಟಿರುವುದೇ ಸುಳಿವು, ಅಲ್ವಾ? ಇದು ಸುಲಭವಾಗಿ ಸರಿಹೋಗುತ್ತದೆ.

ಸುಲಭವಲ್ಲದ್ದು ಬೇರೆ ಇದೆ. ಶಿಕಲಿ ಪಿ.ಡಿ.ಕ್ಯೂ. ಹೆಸರಿನಲ್ಲಿ ಬರೆದ ‘ದ ಸೀಸನಿಂಗ್ಸ್’ (ಮಸಾಲೆಗಳು) ಕೇಳಿ ನಕ್ಕು ನಕ್ಕು ಸುಸ್ತಾಯಿತು ಎಂದು ಮತ್ತೆ ಮತ್ತೆ ಹೇಳುತ್ತೀರಿ. ಓದುವವರಿಗೆ ನಗು ಬರುವುದಿಲ್ಲ. ಏಕೆಂದರೆ ಅದು ಯಾವುದರ ಅಣಕ ಅಂತ ಅವರಿಗೆ ಗೊತ್ತಿಲ್ಲ. ಅದು ಆರಟೋರಿಯೊದ ಅಣಕ. ಆರಟೋರಿಯೊ ಅಂದರೆ ವೇಷ, ಅಭಿನಯ ಇಲ್ಲದೆ ಗಾಯಕರು, ದೊಡ್ಡ ವೃಂದ, ವಾದ್ಯಮೇಳ ಸೇರಿ ಹಾಡುವ ಕಥನ, ಹೆಚ್ಚಾಗಿ ಬೈಬಲ್ಲಿನದು. ಇಷ್ಟನ್ನಾದರೂ ಹೇಳಿ.

ಆಮೇಲೆ ಸಂಯೋಜಕ ಹ್ಯಾಂಡೆಲ್‌ನ ‘ಮೆಸ್ಸಾಯ’ಕ್ಕೆ ಬನ್ನಿ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿದ ಆರಟೋರಿಯೊ. ಅದರಲ್ಲಿ ‘ನಮಗೊಂದು ಮಗು ಹುಟ್ಟಿದೆ’ ಎಂಬ ವೃಂದಗಾನವಿದೆ. ‘ಹುಟ್ಟಿದೆ’ ಎಂಬ ಒಂದೇ ಮಾತನ್ನು ವೃಂದದವರು ಉದ್ದನೆಯ ಸ್ವರಸಾಲಿನಲ್ಲಿ ಎಳೆಯುತ್ತಾ ಹೋಗುತ್ತಾರೆ. ಒಂದು ಗುಂಪು ಮುಗಿಸುವ ಮೊದಲೇ ಇನ್ನೊಂದು ಅದೇ ಸಾಲು ಹಿಡಿಯುತ್ತದೆ. ಹ್ಯಾಂಡೆಲ್ ಈ ರಾಗವನ್ನು ತಂದದ್ದು ತಾನೇ ಬರೆದಿದ್ದ ಇಟಾಲಿಯನ್ ಯುಗಳಗೀತೆಯಿಂದ. ಅಲ್ಲಿ ಅದು ಪ್ರೇಮವನ್ನು ನಂಬಲಾರೆ ಎನ್ನುವ ದೂರು! ಅಂದರೆ ಆ ರಾಗ ಯಾವ ಮಾತನ್ನೂ ಹೊರಬಲ್ಲದು. ಅಣಕ ಮಾಡುವವರಿಗೆ ಬಾಗಿಲು ತೆರೆಯುವುದೇ ಇಲ್ಲಿ. ಇದೇ ಗತ್ತು, ಇದೇ ಎಳೆದಾಟ ಇಟ್ಟುಕೊಂಡು ಶಿಕಲಿ ಅಡುಗೆಯ ಮಸಾಲೆ ಸಾಮಾನನ್ನು ಹಾಡಿಸುತ್ತಾರೆ. ಬ್ಯಾಬಿಲೋನಿನ ನದಿಗಳ ಬಳಿ ಕೂತು ಅತ್ತೆವು ಎಂಬ ಬೈಬಲ್ಲಿನ ಕೀರ್ತನೆಯಲ್ಲಿ ನದಿ ಹೋಗಿ ಈರುಳ್ಳಿ ಜಾತಿಯ ಲೀಕ್ ಬರುತ್ತದೆ. ಹಾಡುವವರು ಮಾತ್ರ ಗಂಭೀರವಾಗಿಯೇ ಹಾಡಬೇಕು. ಅವರು ಹಲ್ಲು ಕಿರಿದರೆ ಎಲ್ಲ ಕೆಟ್ಟಿತು.

ನೀವು ಇದನ್ನು ಬಿಟ್ಟು ಎರಡು ಪುಟ ವಾದ್ಯಗಳಿಗೇ ಕೊಟ್ಟಿದ್ದೀರಿ. ಟ್ರೊಂಬೋನ್ ಎಂಬ ಹಿತ್ತಾಳೆಯ ಊದುವಾದ್ಯಕ್ಕೆ ಬಸೂನ್ ಎಂಬ ಮರದ ಊದುವಾದ್ಯದ ರೀಡ್ (ಊದಿದಾಗ ಅದುರಿ ಸದ್ದು ಮಾಡುವ ಪಟ್ಟಿ) ಸಿಕ್ಕಿಸಿದ ‘ಟ್ರೊಂಬೂನ್’ ತಮಾಷೆಯೇ, ಆದರೆ ಎರಡು ಸಾಲು ಸಾಕು. ಆ ವಿಚಿತ್ರ ಸದ್ದು ನಗಿಸುವುದು ಸುತ್ತಲಿನ ಫ್ಯೂಗ್ (ಒಂದೇ ರಾಗವನ್ನು ಒಂದಾದ ಮೇಲೊಂದು ದನಿ ಹಿಡಿದು ಹೆಣೆಯುವ ರಚನೆ) ನಿಯಮ ತಪ್ಪದೆ ನಡೆಯುತ್ತಿರುವುದರಿಂದ. ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಓದಿದ ಶಿಕಲಿಗೆ ಆ ಕಟ್ಟುಪಾಡು ಕರಗತವಾಗಿತ್ತು. ‘ಸಂಪ್ರದಾಯವನ್ನು ಲೇವಡಿ ಮಾಡಿದರು’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಅಷ್ಟು ಪ್ರೀತಿ ಇಲ್ಲದವರಿಗೆ ಇಷ್ಟು ಚೆನ್ನಾಗಿ ಅಣಕಿಸಲು ಬರುವುದಿಲ್ಲ.

ಕೊನೆಯ ಪುಟದ ‘ನಗುವಿನ ಮಹತ್ವ’ ಪೂರ್ತಿ ತೆಗೆಯಿರಿ. ಒಂದೇ ವೃಂದಗಾನ ಆರಿಸಿಕೊಳ್ಳಿ, ಮೂಲ ಮತ್ತು ಅಣಕ ಎರಡನ್ನೂ ಪಕ್ಕಪಕ್ಕ ಕೇಳಿ, ಎಲ್ಲಿ ನಗು ಬಂತೋ ಆ ಜಾಗ ಗುರುತಿಸಿ ಬರೆಯಿರಿ. ಚಿಕ್ಕದಾದರೂ ಪರವಾಗಿಲ್ಲ, ಮತ್ತೆ ಕಳಿಸಿ. ನಾನೇ ಓದುತ್ತೇನೆ.

— ಸಂಪಾದಕ