ಓದುಗರ ಪ್ರಶ್ನೆ: ಬೆಟ್ಟದ ಪಟ್ಟಿಗೆ ಯಾವ ಟರ್ಬೈನ್ ವಿಮಾನ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಹಾಸನದ ಹತ್ತಿರ. ಹನ್ನೆರಡು ವರ್ಷದಿಂದ ಅಮೆರಿಕದ ಇಡಾಹೊ ರಾಜ್ಯದ ಬಾಯ್ಸಿಯಲ್ಲಿದ್ದೇನೆ. ಸ್ವಂತ ಸೆಸ್ನಾ 182 ವಿಮಾನ ಇದೆ, 640 ಗಂಟೆ ಹಾರಿಸಿದ್ದೇನೆ. ಬಾಲದ ಚಕ್ರದ ವಿಮಾನದ ಅಭ್ಯಾಸ ಇಲ್ಲ. ಬೇಸಿಗೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಜಾನ್ಸನ್ ಕ್ರೀಕ್‌ನ ಹುಲ್ಲು ಪಟ್ಟಿಗೆ (ವಿಮಾನ ಇಳಿಯುವ ಹುಲ್ಲಿನ ರನ್‌ವೇ) ಹೋಗಿ ಟೆಂಟ್ ಹಾಕುತ್ತೇವೆ. ಮೈಕ್ ಪೇಟಿಯವರು ಕಟ್ಟಿದ 'ಡ್ರೇಕೊ' ವಿಮಾನದ ವಿಡಿಯೊ ನೋಡಿದ ಮೇಲೆ ನಮಗೂ ಟರ್ಬೈನ್ ಎಂಜಿನ್ ಇರುವ ಬುಷ್ ಪ್ಲೇನ್ (ಕಾಡು, ಬೆಟ್ಟದ ಒರಟು ಪಟ್ಟಿಯಲ್ಲಿ ಇಳಿಯುವ ವಿಮಾನ) ಬೇಕು ಅನ್ನಿಸಿದೆ. ನಾಲ್ವರು ಗೆಳೆಯರು ಸೇರಿ ಕೊಳ್ಳುವ ಯೋಚನೆ. ಕೋಡಿಯಾಕ್, ಕ್ಯಾರವಾನ್, ಹಳೆಯ ಟರ್ಬೊ ಪೋರ್ಟರ್, ಟರ್ಬೊ ಬೀವರ್, ಇವುಗಳಲ್ಲಿ ಯಾವುದು ಸರಿ? ನಮ್ಮ ವಿಮಾನದ ತೂಕದ ಹಾಳೆಯನ್ನೂ ಕಳಿಸಿದ್ದೇನೆ.
– ಒಬ್ಬ ಓದುಗರು, ಬಾಯ್ಸಿ

ಉತ್ತರ: ತೂಕದ ಹಾಳೆ ಕಳಿಸಿದ್ದು ಬಹಳ ಒಳ್ಳೆಯದಾಯಿತು. ನಾನು ಪೈಲಟ್ ಅಲ್ಲ, 31 ವರ್ಷ ವಿಮಾನದ ಎಂಜಿನ್ ಬಿಚ್ಚಿ ಜೋಡಿಸಿದವನು. ಅದರಲ್ಲಿ ಆರು ವರ್ಷ ನೇಪಾಳದ ಪೊಖರಾದಲ್ಲಿದ್ದೆ. ಹಾಗಾಗಿ ಯಾರಾದರೂ ವಿಮಾನ ಕೊಳ್ಳಬೇಕು ಅಂದರೆ ಮೊದಲು ಕೇಳುವುದು ಎರಡೇ: ಎಷ್ಟು ಹೊರುತ್ತೀರಿ, ವರ್ಷಕ್ಕೆ ಎಷ್ಟು ಗಂಟೆ ಹಾರುತ್ತೀರಿ?

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ನಿಮ್ಮ 182 ಇಂಧನವೂ ಸೇರಿ ಸುಮಾರು 500 ಕೆಜಿ ಹೊರುತ್ತದೆ. ಬಾಯ್ಸಿಯಿಂದ ಜಾನ್ಸನ್ ಕ್ರೀಕ್‌ಗೆ ನೇರ ದಾರಿ ಸುಮಾರು 160 ಕಿಲೋಮೀಟರ್. ಹೋಗಿ ಬರಲು ಅರ್ಧ ಟ್ಯಾಂಕ್ ಇದ್ದರೂ ಮಿಗುತ್ತದೆ. ಅದು 120 ಕೆಜಿ ಅಂತ ಇಟ್ಟುಕೊಳ್ಳಿ. ನೀವು ನಾಲ್ವರೂ ಸೇರಿ 210 ಕೆಜಿ ಅಂತ ಬರೆದಿದ್ದೀರಿ. ಟೆಂಟ್, ಒಲೆ, ಊಟದ ಸಾಮಾನು 80 ಕೆಜಿ. ಎಲ್ಲ ಕೂಡಿದರೂ 410 ಕೆಜಿ. ಇನ್ನೂ 90 ಕೆಜಿ ಜಾಗ ಇದೆ. ಅಂದರೆ ನಿಮ್ಮ ಕೆಲಸವನ್ನು ನಿಮ್ಮ ಹಳೇ ವಿಮಾನ ಈಗಲೇ ಮಾಡುತ್ತಿದೆ.

ಮತ್ತೆ ಏರುವಾಗ ಯಾಕೆ ಅಷ್ಟು ಏದುಸಿರು ಬಿಡುತ್ತದೆ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ಬಿಸಿ. ಜಾನ್ಸನ್ ಕ್ರೀಕ್ ಪಟ್ಟಿ 3,400 ಅಡಿ ಉದ್ದ, 4,933 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪುಸ್ತಕದ ಲೆಕ್ಕದ ಉಷ್ಣತೆ ಸುಮಾರು 5 ಡಿಗ್ರಿ. ಅದಕ್ಕಿಂತ ಹೆಚ್ಚಾದ ಪ್ರತಿ ಡಿಗ್ರಿಗೂ ವಿಮಾನದ ಪಾಲಿಗೆ ಪಟ್ಟಿ ಸುಮಾರು 120 ಅಡಿ ಮೇಲೆ ಹೋದ ಹಾಗೆ. ಮಧ್ಯಾಹ್ನ 30 ಡಿಗ್ರಿ ಇದ್ದರೆ ನೀವು ನಿಂತಿರುವುದು 4,933 ಅಡಿಯಲ್ಲಿ ಅಲ್ಲ, 7,900 ಅಡಿಯಲ್ಲಿ. ಅಲ್ಲಿ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲದ ಪಿಸ್ಟನ್ ಎಂಜಿನ್ ತನ್ನ ಶಕ್ತಿಯ ಕಾಲು ಭಾಗದಷ್ಟನ್ನು ಕಳೆದುಕೊಂಡಿರುತ್ತದೆ. ರೆಕ್ಕೆಗೂ ಪ್ರೊಪೆಲ್ಲರ್‌ಗೂ ಹಿಡಿಯಲು ಗಾಳಿ ಸಾಲುವುದಿಲ್ಲ. ಅದೇ ಬೆಳಗ್ಗೆ ಏಳು ಗಂಟೆಗೆ, 10 ಡಿಗ್ರಿಯಲ್ಲಿ ಹೊರಟರೆ ಲೆಕ್ಕ 5,500 ಅಡಿಗೆ ಇಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲದೆ 2,400 ಅಡಿ ಉಳಿಯಿತು. ಪೊಖರಾದಿಂದ ಜೊಮ್ಸೊಮ್‌ಗೆ ಹೋಗುವ ವಿಮಾನಗಳೂ ಬೆಳಗ್ಗೆಯೇ ಹೋಗಿ ಬಂದುಬಿಡುತ್ತವೆ. ಹೊತ್ತು ಏರಿದ ಹಾಗೆ ಆ ದಾರಿಯ ಕಾಳಿ ಗಂಡಕಿ ಕಣಿವೆಯಲ್ಲಿ ಗಾಳಿ ಎದ್ದುಬಿಡುತ್ತದೆ. ಆಮೇಲೆ ಯಾವ ಎಂಜಿನ್ ಇದ್ದರೂ ಬಾಗಿಲು ಮುಚ್ಚಿದ ಹಾಗೆಯೇ.

ಹಾಗಂತ ಟರ್ಬೈನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಮೇಲೆ ನನಗೆ ತುಂಬಾ ಪ್ರೀತಿ. 1947ರಲ್ಲಿ ಮೊದಲು ಹಾರಿದ ಬೀವರ್‌ನ 450 ಅಶ್ವಶಕ್ತಿಯ ನಕ್ಷತ್ರಾಕಾರದ ಎಂಜಿನ್ ಸುಮಾರು 290 ಕೆಜಿ ತೂಗುತ್ತದೆ. ಕೋಡಿಯಾಕ್‌ನಲ್ಲಿರುವ ಪಿಟಿ6 ಅನ್ನುವ ಟರ್ಬೈನ್ ಎಂಜಿನ್ ಸುಮಾರು 150 ಕೆಜಿ, ಕೊಡುವುದು 750 ಅಶ್ವಶಕ್ತಿ. ಅದನ್ನು ಇಬ್ಬರು ಸೇರಿ ಕ್ರೇನಿನ ಕೊಕ್ಕೆಯಿಂದ ನಿಧಾನವಾಗಿ ಇಳಿಸಿ ಸ್ಟ್ಯಾಂಡಿಗೆ ಕೂರಿಸಿದ್ದೇವೆ. ಇಷ್ಟು ಚಿಕ್ಕದು ಅಷ್ಟು ದೊಡ್ಡ ವಿಮಾನವನ್ನು ಎಳೆಯುತ್ತಾ ಅಂತ ಪ್ರತಿ ಸಲವೂ ಅನ್ನಿಸಿದೆ. ಕಡಿಮೆ ಎತ್ತರದಲ್ಲಿ ಅದರ ಶಕ್ತಿಗೆ ಬೇಕೆಂದೇ ಮಿತಿ ಹಾಕಿರುತ್ತಾರೆ. ಹಾಗಾಗಿ ಮೇಲಕ್ಕೆ ಹೋದರೂ, ಬಿಸಿ ಆದರೂ ಬಹಳ ಹೊತ್ತು ಪೂರ್ತಿ ಶಕ್ತಿ ಸಿಗುತ್ತದೆ. ಅವ್‌ಗ್ಯಾಸ್ (ಪಿಸ್ಟನ್ ವಿಮಾನದ ಪೆಟ್ರೋಲ್) ಸಿಗದ ಪಪುವಾದಂಥ ಜಾಗದಲ್ಲಿ ಜೆಟ್ ಇಂಧನದಿಂದಲೇ ಓಡುವುದು ಇನ್ನೊಂದು ದೊಡ್ಡ ಅನುಕೂಲ. ದಿನಾ ಅಕ್ಕಿ ಮೂಟೆ, ತಗಡು, ರೋಗಿಗಳನ್ನು ಹೊರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಆದರೆ ನಿಮ್ಮ ಪ್ರಯಾಣಕ್ಕೆ? 182ರಲ್ಲಿ 40 ನಿಮಿಷ ಆಗುವ ದಾರಿ ಕೋಡಿಯಾಕ್‌ನಲ್ಲಿ 30 ನಿಮಿಷ. ನಿಮ್ಮ ಎಂಜಿನ್ ಗಂಟೆಗೆ ಸುಮಾರು 50 ಲೀಟರ್ ಕುಡಿಯುತ್ತದೆ, ಅದು 180 ಲೀಟರ್. ಹತ್ತು ನಿಮಿಷ ಉಳಿಸಲು ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಇಂಧನ ಸುಟ್ಟ ಹಾಗಾಯಿತು. ಹೊಸ ಕೋಡಿಯಾಕ್ ಬೆಲೆ 20 ಲಕ್ಷ ಡಾಲರ್ ದಾಟುತ್ತದೆ.

ಈಗ ಟರ್ಬೈನ್‌ನ ಅಪಾಯ ಎಲ್ಲಿದೆ ಅಂತ ಹೇಳುತ್ತೇನೆ. ಆಕಾಶದಲ್ಲಿ ಅಲ್ಲ, ಸ್ಟಾರ್ಟ್ ಮಾಡುವಾಗ. ಒಂದು ಚಳಿಗಾಲದ ಬೆಳಗ್ಗೆ, ಬ್ಯಾಟರಿ ಸ್ವಲ್ಪ ಸೋತಿತ್ತು. ಎಂಜಿನ್‌ನ ಒಳಭಾಗ ಶೇಕಡ 12ರ ವೇಗ ದಾಟಿದ ಮೇಲೆ ಇಂಧನದ ಲಿವರ್ ಮುಂದೆ ತಳ್ಳಬೇಕು. ಹೊಸ ಪೈಲಟ್ ಹುಡುಗ 9ಕ್ಕೇ ತಳ್ಳಿಬಿಟ್ಟ. ನಾನು ರೆಕ್ಕೆಯ ಹತ್ತಿರ ನಿಂತಿದ್ದೆ. ಎಂದಿನ ಹಾಗೆ ಸಣ್ಣಗೆ ಶುರುವಾಗಿ ಏರುವ ಸಿಳ್ಳೆ ಕೇಳಲಿಲ್ಲ. ಗೊರಗೊರ ಅನ್ನುವ ಸದ್ದು, ಹೊಗೆ ಪೈಪಿನ ಬಾಯಲ್ಲಿ ಕೆಂಪು. ಒಳಗೆ ಉಷ್ಣತೆಯ ಮುಳ್ಳು 1,090 ಡಿಗ್ರಿ ದಾಟಿತ್ತು. ಆ ಎಂಜಿನ್‌ಗೆ ಸ್ಟಾರ್ಟ್ ಹೊತ್ತಲ್ಲಿ ಅಷ್ಟು ಬಿಸಿ ಎರಡೇ ಸೆಕೆಂಡು ಇರಬಹುದು. ಅವನು ಇಂಧನ ಕಡಿಯುವಷ್ಟರಲ್ಲಿ ಐದಾರು ಸೆಕೆಂಡು ಆಗಿತ್ತು. ಬಿಚ್ಚಿ ನೋಡಿದರೆ ಟರ್ಬೈನ್ ಚಕ್ರದಲ್ಲಿ ಕಿರುಬೆರಳಿಗಿಂತ ಚಿಕ್ಕ ಅಲಗುಗಳು, ಒಟ್ಟು 58. ಎಷ್ಟೋ ಅಲಗುಗಳ ತುದಿ ಉರಿದ ಬತ್ತಿಯ ಹಾಗೆ ಮಡಚಿಕೊಂಡಿತ್ತು. ವಿಮಾನ ಮೂರು ವಾರ ನಿಂತಿತು. ಆ ಹುಡುಗ ಅಂದು ಊಟ ಮಾಡಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬ್ಯಾಟರಿ ಬದಲಿಸಿ ಅಂತ ನಾವು ಬರೆದುಕೊಟ್ಟ ಚೀಟಿ ಆಫೀಸಿನಲ್ಲಿ ಹತ್ತು ದಿನದಿಂದ ಬಿದ್ದಿತ್ತು.

ವರ್ಷಕ್ಕೆ 300 ಗಂಟೆ ಹಾರುವವರ ಕೈಗೆ ಈ ಸ್ಟಾರ್ಟ್ ಒಗ್ಗಿಹೋಗಿರುತ್ತದೆ. ನೀವು ನಾಲ್ವರು ತಲಾ 50 ಗಂಟೆ ಹಾರಿದರೆ ಯಾರ ಕೈಯೂ ಪಳಗುವುದಿಲ್ಲ. ವಿಮಾನ ಪಾಲಿನಲ್ಲಿ ಕೊಂಡಾಗ ಖರ್ಚು ಹಂಚಿಹೋಗುತ್ತದೆ ನಿಜ, ಜೊತೆಗೆ ಅಭ್ಯಾಸವೂ ಹಂಚಿಹೋಗುತ್ತದೆ. ನನಗೆ ಹೆಚ್ಚು ಚಿಂತೆ ಇದೇ.

ಇಷ್ಟಾದರೂ ಬೇಕೇ ಬೇಕು ಅಂದರೆ ಕೋಡಿಯಾಕ್. ಟರ್ಬೊ ಬೀವರ್ ಕಾರ್ಖಾನೆಯಿಂದ ಬಂದದ್ದೇ 60. ಪೋರ್ಟರ್ ತಯಾರಿಕೆ 2022ಕ್ಕೆ ನಿಂತಿತು. ಎರಡಕ್ಕೂ ಬಾಲದ ಚಕ್ರ, ನಿಮಗೆ ಅದರ ಅಭ್ಯಾಸ ಇಲ್ಲ ಅಂತ ನೀವೇ ಬರೆದಿದ್ದೀರಿ. ಕ್ಯಾರವಾನ್ ಒಳ್ಳೆಯ ಗಟ್ಟಿ ಲಾರಿ, ಆದರೆ ಚಿಕ್ಕ ಪಟ್ಟಿಗಿಂತ ಉದ್ದ ಪಟ್ಟಿ ಅದಕ್ಕೆ ಹಿತ. ಕೋಡಿಯಾಕ್ ನಿಮ್ಮ ಇಡಾಹೊದಲ್ಲೇ, ಸ್ಯಾಂಡ್‌ಪಾಯಿಂಟ್‌ನಲ್ಲಿ ತಯಾರಾಗುತ್ತದೆ. ಮೂಗಿನ ಚಕ್ರ ಇದೆ. ಪೂರ್ತಿ ಭಾರ ಹೊತ್ತು ಸಮುದ್ರಮಟ್ಟದಲ್ಲಿ 934 ಅಡಿ ಓಡಿ ಏರುತ್ತದೆ. ಆ ಅಂಕಿ ಸಮುದ್ರಮಟ್ಟದ್ದು ಅನ್ನುವುದು ನೆನಪಿರಲಿ, ನಿಮ್ಮ ಕಣಿವೆಯ ಮಧ್ಯಾಹ್ನದ್ದಲ್ಲ. ಹಳೆಯದು ನೋಡುವುದಾದರೆ ಎಂಜಿನ್‌ನ ಗಂಟೆಗಳಿಗಿಂತ ಮೊದಲು ಅದು ಎಷ್ಟು ತಿಂಗಳು ಸುಮ್ನೆ ನಿಂತಿತ್ತು ಅಂತ ಕೇಳಿ. ಪ್ರೊಪೆಲ್ಲರ್ ಅಲಗಿನ ಮುಂದಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸಿ. ಕಲ್ಲು ತಾಗಿದ ಸಣ್ಣ ಸಣ್ಣ ಗುಳಿ ಕೈಗೆ ಸಿಕ್ಕರೆ, ಅವರು ಜಲ್ಲಿಯ ಮೇಲೆ ನಿಂತಲ್ಲೇ ಎಂಜಿನ್ ಜೋರು ಮಾಡಿದ್ದಾರೆ, ಇಲ್ಲವೇ ವಿಮಾನ ನಿಲ್ಲುವವರೆಗೂ ಬ್ರೇಕಿನ ಹಾಗೆ ಪ್ರೊಪೆಲ್ಲರ್ ರಿವರ್ಸ್ ಹಾಕಿದ್ದಾರೆ ಅಂತ ಅರ್ಥ.

ಇನ್ನು ಡ್ರೇಕೊ. ಪೋಲೆಂಡಿನ ವಿಲ್ಗಾ ವಿಮಾನಕ್ಕೆ ಪಿಟಿ6 ಕೂರಿಸಿ ಪೇಟಿಯವರು ಕಟ್ಟಿದ ಅದ್ಭುತ ಕೆಲಸ ಅದು. 2019ರ ಸೆಪ್ಟೆಂಬರಿನಲ್ಲಿ ರೀನೊದಲ್ಲಿ ಜೋರು ಅಡ್ಡಗಾಳಿಯಲ್ಲಿ ಏರಲು ಹೋಗಿ ಪುಡಿಯಾಯಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ. ತಪ್ಪು ನನ್ನದೇ ಅಂತ ಅವರೇ ಎಲ್ಲರೆದುರು ಹೇಳಿದರು. ಆ ಮಾತಿಗಾಗಿ ನನಗೆ ಅವರ ಮೇಲೆ ಗೌರವ ಇದೆ. ಮಕ್ಕಳಿಗೆ ವಿಮಾನ ಏರುವ ವಿಡಿಯೊ ತೋರಿಸಿದ್ದರೆ ಇದನ್ನೂ ತೋರಿಸಿ.

ನನ್ನ ಸಲಹೆ: ಈ ವರ್ಷ 182 ಇರಲಿ. ಇಡಾಹೊದ ಮೆಕಾಲ್‌ನಲ್ಲಿ ಕಣಿವೆ ಹಾರಾಟ ಕಲಿಸುತ್ತಾರೆ, ನಾಲ್ವರೂ ಹೋಗಿ. ಒಂದು ಬೇಸಿಗೆ ಪೂರ್ತಿ ಪ್ರತಿ ಪ್ರಯಾಣದ ಭಾರ, ಉಷ್ಣತೆ, ಓಡಿದ ಅಡಿ ಬರೆದಿಡಿ. 182 ಹೊರಲಾರದ ಭಾರ ಎಷ್ಟು ಸಲ ಬಂತು ಅಂತ ಆ ಪುಸ್ತಕವೇ ಹೇಳುತ್ತದೆ. ನನಗೂ ಒಂದು ಪ್ರತಿ ಕಳಿಸಿ, ಕೂತು ಲೆಕ್ಕ ಹಾಕಿ ಕೊಡುತ್ತೇನೆ.

ಪ್ರಶ್ನೆ: ಟರ್ಬೈನ್ ಅಂದರೆ ಜೆಟ್ ಅಲ್ವಾ ಸರ್? ಮತ್ತೆ ಮುಂದೆ ಪ್ರೊಪೆಲ್ಲರ್ ಯಾಕೆ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಒಳಗಿನ ಕೆಲಸ ಜೆಟ್‌ನದ್ದೇ ಕಣಮ್ಮ. ಮನೆಯಲ್ಲಿ ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಮಾತ್ರ ಹಾಕಿ ನೋಡು. ಅದರ ಗಾಳಿಗೆ ಇನ್ನೊಂದೂ ತಿರುಗಲು ಶುರುವಾಗುತ್ತದೆ. ಪಿಟಿ6 ಎಂಜಿನ್‌ನಲ್ಲೂ ಹಾಗೇ. ಇಂಧನ ಉರಿಸಿ ಬಿಸಿ ಗಾಳಿ ಮಾಡುವ ಭಾಗ ಒಂದು, ಆ ಗಾಳಿಗೆ ತಿರುಗಿ ಪ್ರೊಪೆಲ್ಲರ್ ಎಳೆಯುವ ಭಾಗ ಇನ್ನೊಂದು. ಎರಡರ ನಡುವೆ ಕಬ್ಬಿಣದ ಜೋಡಣೆ ಇಲ್ಲ, ಗಾಳಿಯೇ ಜೋಡಣೆ. ನಿಧಾನವಾಗಿ ಹಾರುವ ವಿಮಾನಕ್ಕೆ ಜೆಟ್‌ಗಿಂತ ದೊಡ್ಡ ಪ್ರೊಪೆಲ್ಲರ್ ಹೆಚ್ಚು ಎಳೆತ ಕೊಡುತ್ತದೆ. ಇನ್ನೊಂದು ವಿಚಿತ್ರ ನೋಡು: ಈ ಎಂಜಿನ್ ಗಾಳಿ ಕುಡಿಯುವುದು ಹಿಂಬದಿಯಿಂದ, ಹೊಗೆ ಬಿಡುವುದು ಮುಂದೆ. ಕೋಡಿಯಾಕ್ ಫೋಟೊ ಸಿಕ್ಕರೆ ಪ್ರೊಪೆಲ್ಲರ್ ಹಿಂದೆಯೇ ಕಾಣುವ ದಪ್ಪ ಹೊಗೆ ಪೈಪ್ ಗಮನಿಸು.

ಪ್ರಶ್ನೆ: ಅತಿ ಎತ್ತರದಲ್ಲಿ ಇಳಿದ ದಾಖಲೆಯೂ ಟರ್ಬೈನ್ ವಿಮಾನದ್ದೇ ಇರಬೇಕಲ್ಲವೇ?
– ನಿವೃತ್ತ ಶಿಕ್ಷಕರು, ಮಡಿಕೇರಿ

ಉತ್ತರ: ಇಲ್ಲ ಮೇಷ್ಟ್ರೇ. 1960ರಲ್ಲಿ ಸ್ವಿಸ್ ತಂಡ ಧವಳಗಿರಿ ಹತ್ತಲು ಬಂದಾಗ 'ಯೇತಿ' ಅನ್ನುವ ಪಿಲಾಟಸ್ ಪೋರ್ಟರ್ ತಂದಿದ್ದರು. ಎರ್ನ್ಸ್ಟ್ ಸಾಕ್ಸರ್, ಎಮಿಲ್ ವಿಕ್ ಅನ್ನುವ ಇಬ್ಬರು ಪೈಲಟ್‌ಗಳು ಅದನ್ನು 5,750 ಮೀಟರ್ ಎತ್ತರದ ಹಿಮದ ಮೇಲೆ ಇಳಿಸಿದರು. ಆಗ ಅದರಲ್ಲಿದ್ದದ್ದು ಪಿಸ್ಟನ್ ಎಂಜಿನ್. ಪೋರ್ಟರ್‌ಗೆ ಟರ್ಬೈನ್ ಬಂದದ್ದು ಮರುವರ್ಷ, 1961ರಲ್ಲಿ. ಅದೇ ಯಾತ್ರೆಯಲ್ಲಿ ಒಂದು ಕಣಿವೆ ದಾರಿಯಿಂದ ಏರುವಾಗ ಯೇತಿ ಬಿದ್ದುಹೋಯಿತು. ಪೈಲಟ್‌ಗಳಿಬ್ಬರೂ ಬದುಕಿದರು. ತಂಡ ಉಳಿದ ಸಾಮಾನನ್ನು ಬೆನ್ನ ಮೇಲೆ ಹೊತ್ತು, ಆ ಮೇ ತಿಂಗಳಲ್ಲೇ ಶಿಖರ ಮುಟ್ಟಿತು.