ವಿಮಾನ ತಡವಾದರೆ ಡ್ರೈವರ್‌ಗೆ ಸಂಜೆ ಇಲ್ಲ

ಪಾರ್ಸೆಲ್ ಡೆಲಿವರಿ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಬೇಕು ಅಂದುಕೊಂಡಿದ್ದೀರಿ. ಹೆಂಡತಿಗೆ ಸಂಜೆ ಶಿಫ್ಟ್, ಆರು ಗಂಟೆಯೊಳಗೆ ಡೇಕೇರ್‌ನಿಂದ ಮಗುವನ್ನು ಕರೆತರಬೇಕು, ಆಗುತ್ತದಾ ಅಣ್ಣ ಎಂದು ಕೇಳಿದ್ದೀರಿ. ಗ್ರೀನ್ ಕಾರ್ಡ್ ಇದೆಯಲ್ಲ, ಕೆಲಸ ಮಾಡಲು ಕಾಗದದ ತೊಂದರೆ ಇಲ್ಲ. ಸಂಬಳವೂ ಚೆನ್ನಾಗಿದೆ. ಆದರೆ ಆರು ಗಂಟೆಯ ಮಾತು ಮಾತ್ರ ಯಾರಿಗೂ ಕೊಡಬೇಡಿ.

ಅಮೆರಿಕದಲ್ಲಿ ಒಂದೇ ರಾತ್ರಿಯಲ್ಲಿ ತಲುಪಬೇಕಾದ ಪಾರ್ಸೆಲ್ ಹೇಗೆ ಬರುತ್ತದೆ ಗೊತ್ತಾ? ಪಾರ್ಸೆಲ್ ಕಂಪನಿಗಳಲ್ಲಿ ಯುಪಿಎಸ್‌ಗೆ ಲೂಯಿವಿಲ್, ಫೆಡೆಕ್ಸ್‌ಗೆ ಮೆಂಫಿಸ್ ನಗರ ದೊಡ್ಡ ಹಬ್, ಅಂದರೆ ಸಾಮಾನೆಲ್ಲ ಬಂದು ಸೇರುವ ಜಾಗ. ಎಲ್ಲ ಕಡೆಯ ವಿಮಾನಗಳು ನಡುರಾತ್ರಿಯ ಹೊತ್ತಿಗೆ ಅಲ್ಲಿ ಇಳಿಯುತ್ತವೆ. ಸಾಮಾನು ವಿಂಗಡಿಸಿ, ಬೆಳಗಿನ ಜಾವ ಮತ್ತೆ ಹಾರಿಸುತ್ತಾರೆ. ಅಲ್ಲಿ ಗುಡುಗು ಮಳೆ ಬಂದರೆ, ಜನವರಿಯಲ್ಲಿ ರೆಕ್ಕೆ ಮೇಲಿನ ಹಿಮ ಕರಗಿಸಲು ಸಾಲು ನಿಂತರೆ, ನಮ್ಮೂರಲ್ಲಿ ಬಿಸಿಲಿದ್ದರೂ ನಮ್ಮ ದಿನ ಕೆಟ್ಟಂತೆಯೇ.

ಹೀಗೆ ವಿಮಾನದಲ್ಲಿ ಬರುವ ಏರ್ ಪಾರ್ಸೆಲ್‌ಗಳಲ್ಲಿ ಎಷ್ಟೋ ಬೆಳಿಗ್ಗೆ 10.30ರೊಳಗೆ ತಲುಪಬೇಕು. ಮಾಮೂಲಿ ದಿನ ಮೊದಲು ಅವನ್ನು ಮುಗಿಸುತ್ತೇವೆ. ಆಮೇಲೆ ಅಂಗಡಿ, ಆಫೀಸು, ಆಮೇಲೆ ಮನೆಗಳು. ಗಾಡಿಯಲ್ಲಿ ಸಾಮಾನು ಜೋಡಿಸಿರುವುದೂ ಅದೇ ಲೆಕ್ಕದಲ್ಲಿ. ವಿಮಾನ ತಡವಾದ ದಿನ ಎರಡೇ ದಾರಿ. ಒಂದು, ಗಾಡಿಗೆ ಸಾಮಾನು ತುಂಬುವ ಸೆಂಟರಿನಲ್ಲೇ ಕಾಯುವುದು. ಇನ್ನೊಂದು, ಉಳಿದ ಸಾಮಾನು ಹೊತ್ತು ಹೊರಡುವುದು. ನಡುವೆ ಫೋನ್ ಬರುತ್ತದೆ: ಏರ್ ಬಂದಿದೆ, ಇಂಥ ಅಂಗಡಿಯ ಪಾರ್ಕಿಂಗ್‌ಗೆ ಬಾ. ಅಲ್ಲಿ ಒಬ್ಬ ವ್ಯಾನ್‌ನಲ್ಲಿ ತಂದುಕೊಡುತ್ತಾನೆ. ಕೊಡುವುದು ಹತ್ತಿಪ್ಪತ್ತು ಪಾರ್ಸೆಲ್ ಅಷ್ಟೇ, ಆದರೆ ರೂಟಿನ ನಾಲ್ಕು ಮೂಲೆಗೆ ಹಂಚಿಹೋಗಿರುತ್ತವೆ. ಬೆಳಿಗ್ಗೆ ಕೊಟ್ಟು ಬಂದ ಆಫೀಸಿಗೇ ಮತ್ತೆ ಹೋಗಬೇಕು. ರಿಸೆಪ್ಷನ್‌ನಲ್ಲಿ ಕೂತವರು ಮತ್ತೆ ನೀನಾ ಅಂತ ನಗುತ್ತಾರೆ. ಆಸ್ಪತ್ರೆ ಲ್ಯಾಬಿನವರು ನಗುವುದಿಲ್ಲ, ಅವರ ಸಿಟ್ಟಿನಲ್ಲಿ ನ್ಯಾಯವೂ ಇದೆ ಬಿಡಿ.

ಅಷ್ಟಕ್ಕೇ ಮುಗಿಯುವುದಿಲ್ಲ. ಅಂಗಡಿಗಳು ಐದಕ್ಕೆ ಬಾಗಿಲು ಹಾಕುತ್ತವೆ, ಅಷ್ಟರೊಳಗೆ ಅವರದು ಕೊಟ್ಟಿರಬೇಕು. ಮಧ್ಯಾಹ್ನದ ಮೇಲೆ ಪಿಕಪ್ ಇರುತ್ತದೆ, ಅಂದರೆ ಗಿರಾಕಿಗಳು ಕಳಿಸುವ ಪಾರ್ಸೆಲ್ ತೆಗೆದುಕೊಳ್ಳುವ ಕೆಲಸ. ಅದನ್ನು ತಡ ಮಾಡುವಂತಿಲ್ಲ, ಯಾಕೆಂದರೆ ಆ ಸಾಮಾನು ಇವತ್ತು ರಾತ್ರಿಯ ವಿಮಾನಕ್ಕೇ ಹೋಗಬೇಕು. ಹಿಂದೆ ಉಳಿಯುವುದು ಮನೆಗಳ ಪಾರ್ಸೆಲ್. ಡಿಸೆಂಬರ್‌ನಲ್ಲಿ ಐದೂಕಾಲಿಗೆಲ್ಲ ಕತ್ತಲಾಗುತ್ತದೆ. ಮನೆ ನಂಬರ್ ಕಾಣುವುದಿಲ್ಲ, ನಾಯಿ ಎಲ್ಲಿದೆಯೋ ತಿಳಿಯುವುದಿಲ್ಲ. ದೊಡ್ಡ ಗಾಡಿಯಾದರೆ ಸಾಮಾನ್ಯವಾಗಿ ಡ್ಯೂಟಿ ಶುರುವಾಗಿ 14 ಗಂಟೆ ಆದಮೇಲೆ ಓಡಿಸಬಾರದು ಎಂದು ಕಾನೂನಿದೆ. ಅದನ್ನು ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ, 12 ಗಂಟೆಯೂ ಉದ್ದವೇ.

ಶುರುವಿನಲ್ಲಿ ಎಲ್ಲರೂ ಕಳೆದ ಹೊತ್ತನ್ನು ಓಡಿ ಹಿಡಿಯಲು ನೋಡುತ್ತಾರೆ. ಬೇಡ. ಮೆಟ್ಟಿಲ ಮೇಲಿನ ಹಿಮದಲ್ಲಿ ಜಾರಿ ಮಂಡಿ ಮುರಿದರೆ ಯಾವ ವಿಮಾನವೂ ಬಂದು ಎತ್ತುವುದಿಲ್ಲ. ತಡವಾಗಿದ್ದು ವಿಮಾನ, ನೀವಲ್ಲ. ಸ್ಕ್ಯಾನರ್‌ನಲ್ಲಿ ಏನು ಹಾಕಬೇಕೆಂದು ಸೂಪರ್‌ವೈಸರ್‌ನನ್ನೇ ಕೇಳಿ, ಕೊಡದ ಪಾರ್ಸೆಲನ್ನು ಕೊಟ್ಟೆ ಅಂತ ಮಾತ್ರ ಒತ್ತಬೇಡಿ.

ಸೇರುವ ಮುಂಚೆ ಸಂಬಳದ ಲೆಕ್ಕ ಕೇಳಿಕೊಳ್ಳಿ. ಯೂನಿಯನ್ ಇರುವ ಕಡೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ ದಾಟಿದರೆ ಮೇಲಿನ ಹೊತ್ತಿಗೆ ಒಂದೂವರೆ ಪಟ್ಟು ಸಿಗುತ್ತದೆ. ಗುತ್ತಿಗೆದಾರರ ಕೈಕೆಳಗೆ ಕೆಲವು ಕಡೆ ದಿನಕ್ಕೆ ಇಷ್ಟು ಅಂತ ಗೊತ್ತು ಮಾಡಿರುತ್ತಾರೆ. ಅಲ್ಲಿ ಕಾದ ಹೊತ್ತೆಲ್ಲ ದಂಡ.

ಇನ್ನು ಮಗು. ಕರೆತರಲು ಇನ್ನೊಬ್ಬರನ್ನು ಗೊತ್ತು ಮಾಡಿಕೊಳ್ಳಿ, ಡೇಕೇರ್‌ನಲ್ಲಿ ಅವರ ಹೆಸರು ಬರೆಸಿಡಿ. ಅಂಥವರು ಯಾರೂ ಇಲ್ಲವಾ? ಹಾಗಾದರೆ ಸದ್ಯಕ್ಕೆ ಬೆಳಗಿನ ಜಾವ ಗಾಡಿಗೆ ಸಾಮಾನು ತುಂಬುವ ಕೆಲಸ ನೋಡಿ. ಸಂಬಳ ಕಮ್ಮಿ, ನಾಲ್ಕೈದು ಗಂಟೆಯ ದುಡಿಮೆ. ಅಲ್ಲೂ ವಿಮಾನಕ್ಕೆ ಕಾಯುವುದು ತಪ್ಪಿದ್ದಲ್ಲ, ಆದರೆ ಎಷ್ಟೇ ತಡವಾದರೂ ಮಧ್ಯಾಹ್ನದ ಊಟದ ಹೊತ್ತಿಗೆ ಮನೆಯಲ್ಲಿರುತ್ತೀರಿ.